ಹೋಮಕ್ಕೆ ಕುಳಿತು ಎದ್ದ ಮೇಲೆ ಪಾದ ಮೇಲೇಳುತ್ತಿಲ್ಲ: ಇದರಲ್ಲಿ ಕೆಟ್ಟಿರುವುದು ಯಾವ 'ನರ'?

ನಾಗರಬಾವಿ ವಾಸಿ
(ಚರ್ಚೆ ಆರಂಭಿಸಿದವರು)

ಎಲ್ಲರಿಗೂ ನಮಸ್ಕಾರ. ಕಳೆದ ಭಾನುವಾರ ನಾಗರಬಾವಿಯಲ್ಲಿ ನಮ್ಮ ಹೊಸ ಮನೆಯ ಗೃಹಪ್ರವೇಶ ನಡೆಯಿತು. ಬೆಳಗಿನ ಐದೂವರೆಗೆ ಮಣೆಯ ಮೇಲೆ ಚಕ್ಕಳಮಕ್ಕಳ ಹಾಕಿ ಹೋಮಕ್ಕೆ ಕುಳಿತವನು ಪೂರ್ಣಾಹುತಿಗೆಂದು ಎದ್ದಾಗ ಹತ್ತು ಗಂಟೆಯಾಗಿತ್ತು. ನಡುವೆ ಬಲಗಾಲು ಜೋಮು ಹಿಡಿದದ್ದು ಗೊತ್ತಾಗಿತ್ತಾದರೂ, ಪುರೋಹಿತರು ಮಂತ್ರ ಹೇಳಿಸುತ್ತಿರುವಾಗ ಅಗ್ನಿಯ ಕಡೆಗೆ ಕಾಲು ಚಾಚುವುದು ಹೇಗೆಂದು ಸುಮ್ಮನೆ ಕುಳಿತಿದ್ದೆ. ಎದ್ದ ಮೇಲೆ ಹತ್ತು ನಿಮಿಷದಲ್ಲಿ ಜುಮುಜುಮು ಇಳಿಯಿತು, ಆದರೆ ಪಾದ ಮಾತ್ರ ಮಾತು ಕೇಳಲಿಲ್ಲ. ಹಿಮ್ಮಡಿಯನ್ನು ನೆಲಕ್ಕೂರಿ ಬೆರಳುಗಳನ್ನು ಮೇಲಕ್ಕೆತ್ತಲು ಆಗುತ್ತಿಲ್ಲ. ನಡೆಯುವಾಗ ಹೆಬ್ಬೆರಳು ನೆಲಕ್ಕೆ ತಾಗಿ ಎಡವುತ್ತೇನೆ, ಚಪ್ಪಲಿ ತಾನಾಗಿ ಕಳಚಿ ಬೀಳುತ್ತದೆ, ಪಾದವು ಪ್ರತಿ ಹೆಜ್ಜೆಗೂ 'ಪಟ್' ಎಂದು ನೆಲವನ್ನು ಬಡಿಯುತ್ತದೆ. ನೋವು ಎಳ್ಳಷ್ಟೂ ಇಲ್ಲ. ಪಾದದ ಮೇಲ್ಭಾಗ ಮಾತ್ರ ದಪ್ಪ ಬಟ್ಟೆ ಸುತ್ತಿದಂತೆ ಮಂದವಾಗಿದೆ.

ಮನೆಯಲ್ಲಿ ನೆಂಟರೆಲ್ಲ ಇದ್ದುದರಿಂದ ಅಭಿಪ್ರಾಯಗಳಿಗೆ ಕೊರತೆಯಾಗಲಿಲ್ಲ. ನಮ್ಮ ಮಾವನವರು 'ನರದ ಮೇಲೆ ನರ ಹತ್ತಿದೆ' ಎಂದರು. ಪಕ್ಕದ ಮನೆಯವರು ಹಿಮ್ಮಡಿಯ ಹಿಂದಿನ ಗಟ್ಟಿ ಹುರಿಯನ್ನು ಹಿಡಿದು 'ಈ ನರ ಸೆಳೆದುಕೊಂಡಿದೆ' ಎಂದರು. ನನ್ನ ಹೆಂಡತಿಯ ಚಿಕ್ಕಮ್ಮ ಮೀನಖಂಡದ ಮೇಲೆ ಉಬ್ಬಿ ಕಾಣುವ ನೀಲಿಗೆರೆಯನ್ನು ತೋರಿಸಿ 'ಇಗೋ, ಈ ನರ ಉಬ್ಬಿದೆ' ಎಂದರು. ಸಂಜೆ ನರ ತೆಗೆಯುವವರೊಬ್ಬರ ಬಳಿಗೆ ಕರೆದೊಯ್ದರು. ಅವರು ಅರ್ಧ ಗಂಟೆ ಎಣ್ಣೆ ಹಚ್ಚಿ ಕಣಕಾಲನ್ನು ತಿಕ್ಕಿದರೇ ಹೊರತು ಬೇರೇನೂ ಆಗಲಿಲ್ಲ. ಮೂವರು ಮೂರು ಜಾಗವನ್ನು ತೋರಿಸಿ ಮೂರನ್ನೂ ನರ ಎಂದೇ ಕರೆದಿದ್ದಾರೆ. ನನಗೆ 51 ವರ್ಷ, ಆರು ವರ್ಷಗಳಿಂದ ಸಕ್ಕರೆ ಕಾಯಿಲೆ ಇದ್ದು ಹತೋಟಿಯಲ್ಲಿದೆ. ಕೆಟ್ಟಿರುವುದು ನಿಜವಾಗಿ ಯಾವುದು ಎಂಬುದನ್ನು ತಿಳಿದವರು ವಿವರಿಸಬೇಕಾಗಿ ಕೋರುತ್ತೇನೆ.

ಜಯನಗರದ ಫಿಸಿಯೋ

ಸರ್, ವಿವರಣೆಗಿಂತ ಮೊದಲು ಕೆಲವು ಪ್ರಶ್ನೆಗಳಿವೆ, ದಯವಿಟ್ಟು ಇಂದೇ ಉತ್ತರಿಸಿ. ಬೆನ್ನಿನಿಂದ ಹೊರಟು ಕಾಲಿಗಿಳಿಯುವ ನೋವು ಇದೆಯೇ? ಮೂತ್ರ ಹೋಗುವಾಗ ಏನಾದರೂ ವ್ಯತ್ಯಾಸವಾಗಿದೆಯೇ, ಅಥವಾ ಕುಳಿತುಕೊಳ್ಳುವ ಭಾಗ ಮರಗಟ್ಟಿದೆಯೇ? ಮಾತು, ಮುಖ, ಬಲಗೈ ಸರಿಯಾಗಿವೆಯೇ? ಇವುಗಳಲ್ಲಿ ಯಾವುದೇ ಒಂದಿದ್ದರೂ ಇಲ್ಲಿ ಓದುತ್ತ ಕೂರದೆ ತಕ್ಷಣ ತುರ್ತು ಚಿಕಿತ್ಸಾ ವಿಭಾಗಕ್ಕೆ ಹೋಗಬೇಕು.

ಇವು ಯಾವುವೂ ಇಲ್ಲವಾದರೆ ಮೂರು ಚಿಕ್ಕ ಪರೀಕ್ಷೆಗಳನ್ನು ಮನೆಯವರ ಎದುರಿಗೆ ಮಾಡಿ ನೋಡಿ. ಗೋಡೆ ಹಿಡಿದು ನಿಂತು ತುದಿಗಾಲಿನ ಮೇಲೆ ಏಳಲು ಆಗುತ್ತದೆಯೇ? ಕುರ್ಚಿಯಲ್ಲಿ ಕುಳಿತು, ಬೇರೆಯವರು ಪಾದವನ್ನು ಕಾಲಿಗೆ ನೇರ ಕೋನದಲ್ಲಿ ಹಿಡಿದಿರುವಾಗ, ಅಂಗಾಲನ್ನು ಒಳಮುಖವಾಗಿ, ಅಂದರೆ ಎಡಗಾಲಿನ ಕಡೆಗೆ, ಬಲವಾಗಿ ತಿರುಗಿಸಲು ಆಗುತ್ತದೆಯೇ? ಎಡಮಗ್ಗುಲಿಗೆ ಮಲಗಿ ಬಲಗಾಲನ್ನು ನೀಟಾಗಿ ಮೇಲಕ್ಕೆತ್ತಿ, ಯಾರಾದರೂ ಕೆಳಕ್ಕೆ ಒತ್ತಿದರೂ ತಡೆದು ಹಿಡಿಯಲು ಆಗುತ್ತದೆಯೇ? ಕೊನೆಯದೊಂದು ಪ್ರಶ್ನೆ ವಿಚಿತ್ರವೆನಿಸಬಹುದು: ಈಚೆಗೆ ತೂಕ ಇಳಿಸಿದ್ದೀರಾ?

ಮತ್ತೆ ಯಾರಿಂದಲೂ ತಿಕ್ಕಿಸಿಕೊಳ್ಳಬೇಡಿ.

ನಾಗರಬಾವಿ ವಾಸಿ

ಮೇಡಂ, ತುರ್ತಿನ ಲಕ್ಷಣಗಳು ಯಾವುವೂ ಇಲ್ಲ. ತುದಿಗಾಲಿನ ಮೇಲೆ ಏಳುತ್ತೇನೆ. ಅಂಗಾಲು ಒಳಕ್ಕೆ ಚೆನ್ನಾಗಿಯೇ ತಿರುಗುತ್ತದೆ, ಹೊರಕ್ಕೆ ಮಾತ್ರ ತಿರುಗುವುದಿಲ್ಲ. ಮಗ್ಗುಲಾಗಿ ಕಾಲೆತ್ತಿದಾಗ ಮಗ ಒತ್ತಿದರೂ ಕೆಳಗಿಳಿಯಲಿಲ್ಲ. ತೂಕದ ವಿಚಾರ ನೀವು ಕೇಳಿದ್ದು ನನಗೆ ಆಶ್ಚರ್ಯವಾಯಿತು. ವೈದ್ಯರು ಗದರಿದ ಮೇಲೆ ಏಳು ತಿಂಗಳಲ್ಲಿ 13 ಕಿಲೋ ಇಳಿಸಿದ್ದೇನೆ.

ಇನ್ನೊಂದು ಮಾತು. ನನ್ನ ಹೆಂಡತಿಯೂ ಅಷ್ಟೇ ಹೊತ್ತು ಅಂಥದ್ದೇ ಮಣೆಯ ಮೇಲೆ ಕುಳಿತಿದ್ದಳು. ಅವಳಿಗೆ ಏನೂ ಆಗಿಲ್ಲ.

ನಿವೃತ್ತ ಮೇಷ್ಟ್ರು
(ಶರೀರಕ್ರಿಯಾಶಾಸ್ತ್ರ ಬೋಧಿಸಿದವರು)

ಫಿಸಿಯೋ ಮೇಡಂ ಕೇಳಿದ ಪ್ರಶ್ನೆಗಳು ಎಷ್ಟು ಯೋಚಿಸಿ ಕೇಳಿದವು ಎಂಬುದನ್ನು ಓದುಗರು ಗಮನಿಸಬೇಕು. ಆ ಉತ್ತರಗಳಿಂದ, ಯಾವ ಯಂತ್ರವೂ ಇಲ್ಲದೆ, ತೊಂದರೆ ಎಲ್ಲಿದೆ ಎಂಬುದನ್ನು ಬಹುಮಟ್ಟಿಗೆ ಊಹಿಸಬಹುದು. ಹೇಗೆಂದು ವಿವರಿಸುತ್ತೇನೆ.

ಸೊಂಟದ ಕೆಳಭಾಗದಿಂದ, ಬೆನ್ನುಹುರಿಯಿಂದ ಹೊರಡುವ ನಾಲ್ಕನೆಯ ಸೊಂಟದ ನರಬೇರಿನಿಂದ ತ್ರಿಕಾಸ್ಥಿಯ (ಬೆನ್ನುಮೂಳೆಯ ಬುಡದ ತ್ರಿಕೋನಾಕಾರದ ಮೂಳೆಯ) ಮೂರನೆಯ ನರಬೇರಿನವರೆಗಿನ ಐದು ಬೇರುಗಳು ಕೂಡಿ ಸಯಾಟಿಕ್ ನರವಾಗುತ್ತದೆ. ದೇಹದ ಅತಿ ದಪ್ಪ ನರ ಇದೇ. ಪೃಷ್ಠದ ಸ್ನಾಯುಗಳ ಅಡಿಯಲ್ಲಿ ಹಾಯ್ದು, ತೊಡೆಯ ಹಿಂಭಾಗದಲ್ಲಿ ಆಳದಲ್ಲಿಳಿದು, ಮಂಡಿಯ ಹಿಂದಿನ ಗುಳಿಗಿಂತ ತುಸು ಮೇಲೆ ಎರಡಾಗಿ ಕವಲೊಡೆಯುತ್ತದೆ. ಟಿಬಿಯಲ್ ಎಂಬ ಕವಲು ನೇರವಾಗಿ ಮೀನಖಂಡದ ಆಳಕ್ಕಿಳಿದು ಸುರಕ್ಷಿತವಾಗಿ ಸಾಗುತ್ತದೆ. ತುದಿಗಾಲಿನ ಮೇಲೆ ಏಳಿಸುವುದೂ ಅಂಗಾಲನ್ನು ಒಳಕ್ಕೆ ತಿರುಗಿಸುವುದೂ ಮುಖ್ಯವಾಗಿ ಇದರ ಕೆಲಸ. ಇನ್ನೊಂದು ಕವಲು ಕಾಮನ್ ಪೆರೋನಿಯಲ್ ನರ. ಇದು ಮಂಡಿಯ ಹೊರಬದಿಗೆ ತಿರುಗಿ, ಫಿಬ್ಯುಲಾ ಎಂಬ ಸಣಕಲು ಮೂಳೆಯ ಕುತ್ತಿಗೆಯನ್ನು ಬಳಸಿಕೊಂಡು ಕಾಲಿನ ಮುಂಭಾಗಕ್ಕೆ ಬರುತ್ತದೆ. ಪಾದವನ್ನೂ ಬೆರಳುಗಳನ್ನೂ ಮೇಲಕ್ಕೆತ್ತುವ, ಅಂಗಾಲನ್ನು ಹೊರಕ್ಕೆ ತಿರುಗಿಸುವ ಸ್ನಾಯುಗಳಿಗೆ ಆಜ್ಞೆ ಒಯ್ಯುವುದು ಇದೇ.

ನಿಮ್ಮ ಮಂಡಿಯ ಹೊರಬದಿಯಲ್ಲಿ, ಮಂಡಿಚಿಪ್ಪಿಗಿಂತ ಸ್ವಲ್ಪ ಕೆಳಗೆ ಮತ್ತು ಹಿಂದಕ್ಕೆ ಬೆರಳಿಟ್ಟು ನೋಡಿ. ಗೋಲಿಯಂಥ ಗಟ್ಟಿ ಗುಬುಟು ಸಿಗುತ್ತದೆ. ಅದು ಫಿಬ್ಯುಲಾದ ತಲೆ. ಅದರಿಂದ ಒಂದೆರಡು ಬೆರಳಿನಗಲ ಕೆಳಗೆ, ಚರ್ಮ ಮತ್ತು ತೆಳುಪೊರೆಗಳನ್ನು ಬಿಟ್ಟರೆ ಬೇರೆ ಹೊದಿಕೆಯೇ ಇಲ್ಲದೆ ಆ ನರ ಮೂಳೆಗೆ ಅಂಟಿಕೊಂಡು ಹಾಯುತ್ತದೆ. ಒಂದು ಕಡೆ ಮೂಳೆ, ಇನ್ನೊಂದು ಕಡೆ ನಿಮ್ಮ ಮಣೆಯ ಅಂಚು. ನಾಲ್ಕೂವರೆ ಗಂಟೆ ಈ ಎರಡರ ನಡುವೆ ಸಿಕ್ಕಿದ ನರಕ್ಕೆ ಏನಾಗಬೇಕೋ ಅದೇ ಆಗಿದೆ ಎಂದು ನನ್ನ ಊಹೆ.

ಬೆನ್ನುಮೂಳೆಗಳ ನಡುವಿನ ಡಿಸ್ಕ್ ಜಾರಿ ಐದನೆಯ ಸೊಂಟದ ನರಬೇರು ಒತ್ತಿಹೋದರೂ ಪಾದ ಹೀಗೆಯೇ ಜೋಲುತ್ತದೆ. ಆದರೆ ಆ ಬೇರಿನ ಎಳೆಗಳು ಪೆರೋನಿಯಲ್ ನರದಲ್ಲಿ ಮಾತ್ರವಲ್ಲ, ಟಿಬಿಯಲ್ ನರದಲ್ಲಿಯೂ ಪೃಷ್ಠಕ್ಕೆ ಹೋಗುವ ನರದಲ್ಲಿಯೂ ಇರುವುದರಿಂದ ಅಂಗಾಲನ್ನು ಒಳಕ್ಕೆ ತಿರುಗಿಸುವುದೂ ಮಗ್ಗುಲಾಗಿ ಕಾಲೆತ್ತುವುದೂ ದುರ್ಬಲವಾಗುತ್ತವೆ. ನಿಮಗೆ ಅವೆರಡೂ ಸರಿಯಾಗಿವೆ. ರಾಜಾಜಿನಗರದಲ್ಲಿ ನಲ್ಲಿ ನಿಂತರೆ ಕೊಳವೆ ಒಡೆದಿರುವುದು ಜಲಾಗಾರದ ಬಳಿಯೋ ನಮ್ಮ ಬೀದಿಯ ತಿರುವಿನಲ್ಲೋ ಎಂಬುದನ್ನು ಪಕ್ಕದ ಬೀದಿಯಲ್ಲಿ ನೀರು ಬರುತ್ತಿದೆಯೇ ಎಂದು ಕೇಳಿ ತಿಳಿಯುತ್ತೇವಲ್ಲ, ಇದೂ ಹಾಗೆಯೇ.

ನಿಮ್ಮ ಶ್ರೀಮತಿಯವರಿಗೆ ಏಕಾಗಲಿಲ್ಲ ಎಂಬುದಕ್ಕೆ ಎರಡು ಕಾರಣಗಳನ್ನು ಹೇಳಬಹುದು. ಫಿಬ್ಯುಲಾದ ಕುತ್ತಿಗೆಯ ಬಳಿ ಆ ನರಕ್ಕೆ ಇರುವ ಮೆತ್ತೆಯೆಂದರೆ ಸ್ವಲ್ಪ ಕೊಬ್ಬು. ಬೇಗಬೇಗನೆ ತೂಕ ಇಳಿಸಿದವರಲ್ಲಿ ಆ ಮೆತ್ತೆ ಕರಗಿಹೋಗಿ, ಕಾಲ ಮೇಲೆ ಕಾಲು ಹಾಕಿ ಕುಳಿತಷ್ಟಕ್ಕೇ ಪಾದ ಜೋತುಬಿದ್ದ ನಿದರ್ಶನಗಳು ವೈದ್ಯಸಾಹಿತ್ಯದಲ್ಲಿ ಬೇಕಾದಷ್ಟಿವೆ. ಎರಡನೆಯದಾಗಿ, ಸಕ್ಕರೆ ಕಾಯಿಲೆಯವರ ನರಗಳು ಒತ್ತಡವನ್ನು ತಾಳುವ ಶಕ್ತಿಯಲ್ಲಿ ಮೊದಲೇ ಹಿಂದೆ ಬಿದ್ದಿರುತ್ತವೆ. ಇವೆರಡರ ಜೊತೆಗೆ, ಅವರು ನಡುನಡುವೆ ಕಾಲು ಬದಲಿಸಿ ಕುಳಿತಿರಬಹುದು. ಹೆಂಗಸರಿಗೆ ಹೋಮದ ನಡುವೆ ನೂರು ಬಾರಿ ಎದ್ದು ಅದು ತರುವ ಇದು ತರುವ ಕೆಲಸ ಇದ್ದೇ ಇರುತ್ತದೆ!

ಆದರೂ ಇದು ಊಹೆಯೇ. ನರವಿಜ್ಞಾನ ತಜ್ಞರನ್ನು ಈ ವಾರವೇ ಕಾಣಿರಿ.

ಎರಡನೇ ವರ್ಷದವಳು

ನಾನು ನಗರದ ವೈದ್ಯಕೀಯ ಕಾಲೇಜೊಂದರ ವಿದ್ಯಾರ್ಥಿನಿ. 'ಮೂವರು ಮೂರನ್ನು ನರ ಎಂದರು' ಎಂಬ ಮಾತಿಗೆ ಶವವಿಚ್ಛೇದನ ಕೊಠಡಿಯಿಂದ ಒಂದು ಸಮಾಧಾನ ಹೇಳಬಹುದೇನೋ.

ಎಲ್ಲರೂ ತಮ್ಮ ಅಂಗೈಯನ್ನು ಮೇಲ್ಮುಖವಾಗಿ ಹಿಡಿದು, ಹೆಬ್ಬೆರಳಿನ ತುದಿಯನ್ನೂ ಕಿರುಬೆರಳಿನ ತುದಿಯನ್ನೂ ಜೋಡಿಸಿ ಮಣಿಕಟ್ಟನ್ನು ಸ್ವಲ್ಪ ಮಡಿಸಿ ನೋಡಿ. ಮಣಿಕಟ್ಟಿನ ನಡುವೆ ತಂತಿಯಂತೆ ಎದ್ದುಬರುವುದು ಪಾಲ್ಮಾರಿಸ್ ಲಾಂಗಸ್ ಎಂಬ ಸ್ನಾಯುವಿನ ರಜ್ಜು, ಅಂದರೆ ಸ್ನಾಯುವನ್ನು ಅದರ ತುದಿಗೆ ಕಟ್ಟಿರುವ ಹಗ್ಗ. ಕೆಲವರಿಗೆ ಆ ಸ್ನಾಯು ಹುಟ್ಟಿನಿಂದಲೇ ಇರುವುದಿಲ್ಲ. ಇಲ್ಲದವರು ಗಾಬರಿಯಾಗಬೇಕಾಗಿಲ್ಲ, ಹಿಡಿತದಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸವೇನೂ ಆಗುವುದಿಲ್ಲ. ಅದರ ಅಕ್ಕಪಕ್ಕದಲ್ಲಿ ಚರ್ಮದಡಿಯಲ್ಲೇ ನೀಲಿಯಾಗಿ ಕಾಣುವವು ಅಭಿಧಮನಿಗಳು, ಎಂದರೆ ಹೃದಯಕ್ಕೆ ಮರಳುವ ರಕ್ತದ ಕೊಳವೆಗಳು. ಇನ್ನು ನಿಜವಾದ ನರ, ಮೀಡಿಯನ್ ನರ, ಆ ತಂತಿಯ ಅಡಿಯಲ್ಲೇ ಕುಳಿತಿದೆ, ಆದರೆ ಕಣ್ಣಿಗೆ ಕಾಣುವುದಿಲ್ಲ. ಒಂದು ಅಂಗುಲದ ಜಾಗದಲ್ಲಿ ಮೂರೂ ಇವೆ, ಮೂರಕ್ಕೂ ನಮ್ಮ ಮನೆಯಲ್ಲಿ ನರ ಎಂದೇ ಹೆಸರು.

ಕೊಯ್ದು ನೋಡಿದಾಗ ರಜ್ಜು ಬೆಳ್ಳಿಯಂತೆ ಹೊಳೆಯುತ್ತದೆ, ಗಟ್ಟಿಯಾಗಿರುತ್ತದೆ. ನರ ಮಾಸಲು ಬಿಳಿ, ಹೊಳಪಿಲ್ಲ, ಬೆರಳಲ್ಲಿ ಹಿಡಿದರೆ ನೂಲೆಳೆಗಳ ಕಟ್ಟಿನಂತೆ ಮೆತ್ತಗಿರುತ್ತದೆ. ಅಭಿಧಮನಿ ಖಾಲಿಯಾದರೆ ಚಪ್ಪಟೆಯಾಗಿ ಬಿದ್ದಿರುತ್ತದೆ. ಇಷ್ಟು ಗೊತ್ತಿದ್ದರೂ ನಾವು ಎಡವುತ್ತೇವೆ. ಮೀನಖಂಡದ ಎರಡು ದೊಡ್ಡ ಸ್ನಾಯುಗಳ ನಡುವೆ ಪ್ಲಾಂಟಾರಿಸ್ ಎಂಬ ಪುಟ್ಟ ಸ್ನಾಯುವಿನ ಉದ್ದನೆಯ ತೆಳು ರಜ್ಜು ಇಳಿಯುತ್ತದೆ. ಹೊಸ ವಿದ್ಯಾರ್ಥಿಗಳು ಅದನ್ನು ನರವೆಂದು ತಪ್ಪಾಗಿ ಗುರುತಿಸುವುದು ಎಷ್ಟು ಮಾಮೂಲೆಂದರೆ, ಅದಕ್ಕೆ 'ಮೊದಲ ವರ್ಷದವರ ನರ' ಎಂಬ ಅಡ್ಡಹೆಸರೇ ಇದೆ. ನಾನೂ ಅದಕ್ಕೆ ಧೈರ್ಯವಾಗಿ ಟಿಬಿಯಲ್ ನರ ಎಂದು ಹೇಳಿ ಎಲ್ಲರೆದುರು ಬೈಸಿಕೊಂಡಿದ್ದೇನೆ.

ಹಾಗಾಗಿ ಪಕ್ಕದ ಮನೆಯವರು ತೋರಿಸಿದ್ದು ಹಿಮ್ಮಡಿಯ ರಜ್ಜು, ಚಿಕ್ಕಮ್ಮನವರು ತೋರಿಸಿದ್ದು ಅಭಿಧಮನಿ. ಮೂಳೆಯ ಪಕ್ಕದ ನಿಜವಾದ ನರವನ್ನು ಯಾರೂ ತೋರಿಸಲಿಲ್ಲ.

ಪದಪ್ರಿಯ

ಭಾಷೆಯ ಕಡೆಯಿಂದ ಒಂದು ಮಾತು. ಈ ಗೊಂದಲಕ್ಕೆ ನಾವು ನಾಚಿಕೊಳ್ಳಬೇಕಾಗಿಲ್ಲ. ಕನ್ನಡದ ನರ, ತಮಿಳಿನ ನರಂಬು, ತೆಲುಗಿನ ನರಮು ಒಂದೇ ಬಳ್ಳಿಯ ಪದಗಳು. ತಮಿಳಿನಲ್ಲಿ ಅದು ನರ, ರಕ್ತನಾಳ, ರಜ್ಜು ಮಾತ್ರವಲ್ಲದೆ ವಾದ್ಯದ ತಂತಿಗೂ ಸಲ್ಲುತ್ತದೆ. ನಾವು ಎಲೆಯ ಬೆನ್ನಿನ ಗೆರೆಗಳನ್ನೂ ನರ ಎನ್ನುತ್ತೇವೆ. ದೇಹದಲ್ಲಿ ಎಳೆಯಾಗಿ, ಹುರಿಯಾಗಿ ಕಾಣುವುದೆಲ್ಲ ನರ.

ಗ್ರೀಕರ ಕಥೆಯೂ ಇದೇ. ಇಂದು ನರಕೋಶಕ್ಕೆ ಬಳಸುವ ನ್ಯೂರಾನ್ ಎಂಬ ಪದಕ್ಕೆ ಹಳೆಯ ಗ್ರೀಕ್‌ನಲ್ಲಿ ಹುರಿ, ರಜ್ಜು, ಬಿಲ್ಲಿನ ಹೆದೆ ಎಂಬ ಅರ್ಥಗಳಿದ್ದವು. ಕ್ರಿ.ಪೂ. ಮೂರನೆಯ ಶತಮಾನದಲ್ಲಿ ಅಲೆಕ್ಸಾಂಡ್ರಿಯಾದ ಹೆರೋಫಿಲಸ್ ಮತ್ತು ಎರಾಸಿಸ್ಟ್ರಾಟಸ್ ಶವಗಳನ್ನು ಕೊಯ್ದು ನೋಡಿದ ಮೇಲೆಯೇ, ಮಿದುಳು ಮತ್ತು ಬೆನ್ನುಹುರಿಯಿಂದ ಹೊರಡುವ ಎಳೆಗಳು ಬೇರೆ, ಸ್ನಾಯುವಿನ ತುದಿಯ ಹುರಿಗಳು ಬೇರೆ ಎಂಬುದು ಸ್ಪಷ್ಟವಾಗತೊಡಗಿತು. ಹೊಟ್ಟೆಯ ಸ್ನಾಯುಗಳ ಅಗಲವಾದ ಚಪ್ಪಟೆ ರಜ್ಜುವಿಗೆ ಇಂದಿಗೂ ಅಪೊನ್ಯೂರೋಸಿಸ್ ಎಂದು ಹೆಸರು. ಅದರಲ್ಲಿ ನರದ ಅಂಶವೇ ಇಲ್ಲ, ಹಳೆಯ ಗೊಂದಲ ಮಾತ್ರ ಉಳಿದುಕೊಂಡಿದೆ.

ನಮ್ಮ ಪಠ್ಯಪುಸ್ತಕಗಳು ಮಾಂಸಖಂಡವನ್ನು ಸ್ನಾಯು ಎಂದು ಕರೆದು ಇನ್ನೊಂದು ತೊಡಕನ್ನು ಸೇರಿಸಿವೆ. ಬಂಗಾಳಿಯಲ್ಲಿ ಸ್ನಾಯು ಎಂದರೆ ನರ!

ವೈದ್ಯಪಂಡಿತ

ಪದಪ್ರಿಯರ ಕೊನೆಯ ಮಾತಿಗೆ ಪೂರಕವಾಗಿ ಬರೆಯುತ್ತಿದ್ದೇನೆ. ಆಯುರ್ವೇದದಲ್ಲಿ ಮಾಂಸಖಂಡಕ್ಕೆ ಪೇಶಿ ಎಂದೂ, ಕಟ್ಟುವ ಹುರಿಗಳಿಗೆ ಸ್ನಾಯು ಎಂದೂ, ದಪ್ಪ ರಜ್ಜುಗಳಿಗೆ ಕಂಡರ ಎಂದೂ, ಹರಿಯುವ ನಾಳಗಳಿಗೆ ಸಿರಾ ಮತ್ತು ಧಮನಿ ಎಂದೂ ಬೇರೆಬೇರೆ ಹೆಸರುಗಳಿವೆ. ಸುಶ್ರುತನ ಲೆಕ್ಕದಲ್ಲಿ ಪೇಶಿಗಳು 500, ಸ್ನಾಯುಗಳು 900, ಸಿರೆಗಳು 700, ಅಸ್ಥಿಗಳು 300, ಮರ್ಮಗಳು 107. ಇಂದಿನ ಪುಸ್ತಕಗಳು ವಯಸ್ಕರಲ್ಲಿ 206 ಮೂಳೆಗಳು ಎನ್ನುತ್ತವೆಂದು ಸುಶ್ರುತನನ್ನು ಹಾಸ್ಯ ಮಾಡುವವರು, ಅವನು ಹಲ್ಲುಗಳನ್ನೂ ಮೃದ್ವಸ್ಥಿಗಳನ್ನೂ ಅಸ್ಥಿಯ ವರ್ಗದಲ್ಲಿಯೇ ಸೇರಿಸಿ ಎಣಿಸಿದ್ದನೆಂಬುದನ್ನು ಮರೆಯುತ್ತಾರೆ. ಅಷ್ಟು ವಿಂಗಡಿಸಿದ ಪರಂಪರೆಯವರಾದ ನಾವು ಆಡುಮಾತಿನಲ್ಲಿ ಎಲ್ಲವನ್ನೂ ನರದೊಳಗೆ ತುರುಕಿದ್ದೇವೆ ಎಂಬುದು ವಿಪರ್ಯಾಸ.

ಅಭ್ಯಂಗವನ್ನು ಸಂಪೂರ್ಣವಾಗಿ ಬೇಡವೆನ್ನುವುದನ್ನು ನಾನು ಒಪ್ಪುವುದಿಲ್ಲ. ಆದರೆ ಸಂವೇದನೆ ಮಂದವಾಗಿರುವ ಕಾಲನ್ನು ಬಲವಾಗಿ ತಿಕ್ಕುವುದು, ಬಿಸಿ ಶಾಖ ಕೊಡುವುದು ಅಪಾಯ. ಸುಟ್ಟರೂ ರೋಗಿಗೆ ಗೊತ್ತಾಗುವುದಿಲ್ಲ.

ಜಯನಗರದ ಫಿಸಿಯೋ

ಪಂಡಿತರೇ, ಈ ವಿಚಾರದಲ್ಲಿ ನಾವಿಬ್ಬರೂ ಒಂದೇ ಪಕ್ಷ. ಬಿಸಿನೀರಿನ ಚೀಲದಿಂದ ಪಾದದ ಮೇಲೆ ಬೊಬ್ಬೆ ಎಬ್ಬಿಸಿಕೊಂಡು ಬರುವವರನ್ನು, ವಿಶೇಷವಾಗಿ ಸಕ್ಕರೆ ಕಾಯಿಲೆಯವರನ್ನು, ಪ್ರತಿ ಚಳಿಗಾಲದಲ್ಲಿಯೂ ನೋಡುತ್ತೇನೆ.

ಮಲ್ಲೇಶ್ವರದಜ್ಜಿ

ನಡುವೆ ಬಾಯಿ ಹಾಕುತ್ತಿದ್ದೇನೆ, ಮಕ್ಕಳೇ, ಕ್ಷಮಿಸಬೇಕು. ನನಗೆ ರಾತ್ರಿ ಮಲಗಿದಾಗ ಮೀನಖಂಡದಲ್ಲಿ ಗೆಡ್ಡೆ ಕಟ್ಟಿದ ಹಾಗೆ ಸೆಳೆತ ಬರುತ್ತದೆ. ಅದನ್ನೂ ನಾವು ನರ ಗಂಟುಹಾಕಿಕೊಂಡಿದೆ ಎಂದೇ ಹೇಳುವುದು. ಇದೂ ಅದೇ ತೊಂದರೆಯೇ?

ನಿವೃತ್ತ ಮೇಷ್ಟ್ರು

ಅಮ್ಮಾ, ತಮ್ಮದು ಇದಕ್ಕೆ ತದ್ವಿರುದ್ಧ. ಇವರ ಕಾಲಿನಲ್ಲಿ ಸ್ನಾಯು ಚೆನ್ನಾಗಿದೆ, ಆಜ್ಞೆ ತಲುಪುತ್ತಿಲ್ಲ. ತಮ್ಮ ಕಾಲಿನಲ್ಲಿ ಯಾರೂ ಕೇಳದಿದ್ದರೂ ಆಜ್ಞೆಯ ಮೇಲೆ ಆಜ್ಞೆ ಹೋಗುತ್ತಿದೆ. ಸೆಳೆತದ ಹೊತ್ತಿನಲ್ಲಿ ಸ್ನಾಯುವನ್ನು ಆಳುವ ನರಕೋಶಗಳು ತಮ್ಮಷ್ಟಕ್ಕೆ ತಾವೇ ಬಿಡುವಿಲ್ಲದೆ ಸಂಕೇತ ಕಳಿಸುತ್ತವೆ. ಸ್ನಾಯುವಿನೊಳಗೆ ಕ್ಯಾಲ್ಸಿಯಂ ಬಿಡುಗಡೆಯಾಗುತ್ತದೆ, ಮಯೋಸಿನ್ ಎಂಬ ಎಳೆಗಳು ಆಕ್ಟಿನ್ ಎಳೆಗಳನ್ನು ಹಿಡಿದು ಎಳೆಯುತ್ತವೆ. 1954ರಲ್ಲಿ ಇಬ್ಬರು ಹಕ್ಸ್ಲಿಗಳು, ಪರಸ್ಪರ ನೆಂಟರಲ್ಲದವರು, ತಂತಮ್ಮ ಜೊತೆಗಾರರೊಂದಿಗೆ ಬೇರೆಬೇರೆಯಾಗಿ ಕಂಡುಕೊಂಡದ್ದು ಇದನ್ನೇ: ಸ್ನಾಯು ಕುಗ್ಗುವಾಗ ಎಳೆಗಳು ಗಿಡ್ಡವಾಗುವುದಿಲ್ಲ, ಒಂದರೊಳಗೊಂದು ಜಾರುತ್ತವೆ. ಹಿಡಿದ ಕೊಂಡಿ ಬಿಡಬೇಕಾದರೆ ಎಟಿಪಿ ಎಂಬ ಇಂಧನ ಬೇಕು. ಸತ್ತ ಮೇಲೆ ದೇಹ ಸೆಟೆದುಕೊಳ್ಳುವುದು ಶಕ್ತಿ ಹೆಚ್ಚಿಯಲ್ಲ, ಕೊಂಡಿ ಬಿಡಿಸಲು ಇಂಧನ ಇಲ್ಲದೆ.

ಸೆಳೆತ ಬಂದಾಗ ಕಾಲನ್ನು ನೀಡಿ, ಪಾದದ ಬೆರಳುಗಳನ್ನು ಕೈಯಿಂದ ಮೊಣಕಾಲಿನ ಕಡೆಗೆ ಎಳೆದು ಹಿಡಿಯಿರಿ. ಕೈಗೆ ಎಟುಕದಿದ್ದರೆ ಸೆರಗನ್ನೋ ಟವೆಲನ್ನೋ ಅಂಗಾಲಿಗೆ ಸುತ್ತಿ ಎಳೆಯಿರಿ. ಸ್ನಾಯು ಹಿಗ್ಗಿದಾಗ ರಜ್ಜುವಿನಲ್ಲಿರುವ ಸಂವೇದಕಗಳು ಬೆನ್ನುಹುರಿಗೆ ಸುದ್ದಿ ಕಳಿಸಿ ಆ ನರಕೋಶಗಳನ್ನು ತಣ್ಣಗಾಗಿಸುತ್ತವೆ. ಬಾಳೆಹಣ್ಣು ತಿಂದರೆ ನಿಲ್ಲುತ್ತದೆ ಎನ್ನುವವರಿದ್ದಾರೆ. ಹಣ್ಣು ರುಚಿಗಾಗಿ ತಿನ್ನಿ, ಸೆಳೆತದ ಮಧ್ಯರಾತ್ರಿಯಲ್ಲಿ ಅದು ಜೀರ್ಣವಾಗುವವರೆಗೆ ಯಾರು ಕಾಯುತ್ತಾರೆ?

ನಾಗರಬಾವಿ ವಾಸಿ

ಮೇಷ್ಟ್ರೇ, ಒಂದು ಅನುಮಾನ ಉಳಿದಿದೆ. ಕಾಲು ಜೋಮು ಹಿಡಿಯುವುದು ರಕ್ತದ ಓಡಾಟ ನಿಲ್ಲುವುದರಿಂದ ಎಂದು ಚಿಕ್ಕಂದಿನಿಂದ ಕೇಳಿದ್ದೇವೆ. ಇಲ್ಲಿ ಎಲ್ಲರೂ ನರ ಒತ್ತಿತು ಎನ್ನುತ್ತಿದ್ದೀರಿ. ಯಾವುದು ಸರಿ?

ನಿವೃತ್ತ ಮೇಷ್ಟ್ರು

ಎರಡರಲ್ಲೂ ಸತ್ಯಾಂಶವಿದೆ. ನಿಲ್ಲುವುದು ಕಾಲಿನ ರಕ್ತವಲ್ಲ, ನರದ ರಕ್ತ. ಜೋಮು ಹಿಡಿದ ಪಾದ ಸಾಮಾನ್ಯವಾಗಿ ಬಿಳಿಚಿಕೊಂಡು ತಣ್ಣಗಾಗಿರುವುದಿಲ್ಲ. ಆದರೆ ನರದ ಹೊದಿಕೆಯೊಳಗೆ ಅದಕ್ಕೇ ಮೀಸಲಾದ ಕೂದಲೆಳೆಯಂಥ ರಕ್ತನಾಳಗಳಿವೆ. ಒತ್ತಡ ಬಿದ್ದಾಗ ಅವು ಮುಚ್ಚಿಕೊಳ್ಳುತ್ತವೆ, ಆ ಜಾಗದಲ್ಲಿ ನರ ಆಮ್ಲಜನಕಕ್ಕಾಗಿ ಪರದಾಡುತ್ತದೆ.

ನಿಮ್ಮ ಹೆಬ್ಬೆರಳನ್ನು ಎತ್ತುವ ಸ್ನಾಯುವಿಗೆ ಆಜ್ಞೆ ಒಯ್ಯುವ ನರಕೋಶದ ಒಡಲು ಇರುವುದು ಬೆನ್ನುಹುರಿಯಲ್ಲಿ. ಅದರ ಎಳೆ ಅಲ್ಲಿಂದ ಹೊರಟು ಮೊಣಕಾಲಿನ ಕೆಳಗಿನವರೆಗೆ ಒಂದೇ ಜೀವಕೋಶವಾಗಿ ಸಾಗುತ್ತದೆ. ಒಡಲು ಕಣ್ಣಿಗೆ ಕಾಣದಷ್ಟು ಚಿಕ್ಕದು, ಎಳೆ ಮುಕ್ಕಾಲು ಮೀಟರಿನಷ್ಟು ಉದ್ದ. ಆ ಎಳೆಯ ಗೋಡೆಯ ಉದ್ದಕ್ಕೂ ಸೋಡಿಯಂ ಅನ್ನು ಹೊರಕ್ಕೂ ಪೊಟ್ಯಾಸಿಯಂ ಅನ್ನು ಒಳಕ್ಕೂ ದಬ್ಬುತ್ತಲೇ ಇರುವ ಪಂಪುಗಳಿವೆ. ಅವು ನಿಂತರೆ ಸಂಕೇತ ಮುಂದೆ ಹರಿಯುವುದಿಲ್ಲ. ಕಾಲು ಮರಗಟ್ಟುತ್ತದೆ. ಒತ್ತಡ ತೆಗೆದಾಗ ರಕ್ತ ಮರಳಿ, ಪಂಪುಗಳು ಮತ್ತೆ ಕೆಲಸಕ್ಕೆ ತೊಡಗುವ ಗಡಿಬಿಡಿಯಲ್ಲಿ ಎಳೆಗಳು ತಾವಾಗಿಯೇ ಸಂಕೇತಗಳನ್ನು ಸಿಡಿಸುತ್ತವೆ. ಆ ಸಂಕೇತ ಹುಟ್ಟಿದ್ದು ಮಂಡಿಯ ಬಳಿಯಾದರೂ, ಆ ಎಳೆಯ ವಿಳಾಸ ಪಾದದ್ದಾದ್ದರಿಂದ ಮಿದುಳು ಪಾದದಲ್ಲಿ ಇರುವೆ ಹರಿದಂತೆ ಅರ್ಥೈಸುತ್ತದೆ. ಜುಮುಜುಮು ಎಂದರೆ ಇಷ್ಟೇ. ಮೊಣಕೈಯ ಒಳಬದಿ ಮೇಜಿನ ಅಂಚಿಗೆ ತಾಗಿದಾಗ ಕಿರುಬೆರಳಿಗೆ ಕರೆಂಟು ಹೊಡೆದಂತಾಗುವುದೂ ಇದೇ ಕಾರಣದಿಂದ. ಅಲ್ಲಿ ಅಲ್ನಾರ್ ನರ ಮೂಳೆಗೆ ಅಂಟಿಕೊಂಡಿದೆ.

1931ರಲ್ಲಿ ಲಂಡನ್ನಿನ ಥಾಮಸ್ ಲೂಯಿಸ್ ಮತ್ತು ಸಂಗಡಿಗರು ರಕ್ತದೊತ್ತಡ ಅಳೆಯುವಂಥ ಪಟ್ಟಿಯನ್ನು ತೋಳಿಗೆ ಬಿಗಿದು ಇದನ್ನು ಪರೀಕ್ಷಿಸಿದರು. ಸುಮಾರು ಕಾಲು ಗಂಟೆಯಾಗುತ್ತಿದ್ದಂತೆ ಮರಗಟ್ಟುವಿಕೆ ಬೆರಳ ತುದಿಯಿಂದ ಆರಂಭವಾಗಿ ಮೇಲೇರಿತು. ಮೊದಲು ಹೋದದ್ದು ಸ್ಪರ್ಶ, ನೋವು ಉಳಿದುಕೊಂಡಿತ್ತು. ದಪ್ಪ ಎಳೆಗಳು ಮೊದಲು ಸೋಲುತ್ತವೆ, ತೆಳು ಎಳೆಗಳು ಕೊನೆಯವರೆಗೆ ತಾಳುತ್ತವೆ. ದಂತವೈದ್ಯರು ಚುಚ್ಚುವ ಅರಿವಳಿಕೆಯಲ್ಲಿ ಇದು ತಿರುಗಮುರುಗ: ನೋವು ಮೊದಲು ಹೋಗುತ್ತದೆ, ಹಲ್ಲನ್ನು ಅಲ್ಲಾಡಿಸುವುದು ತಿಳಿಯುತ್ತಲೇ ಇರುತ್ತದೆ.

ಜೋಮು ಹತ್ತು ನಿಮಿಷದಲ್ಲಿ ಹೋಗಬೇಕು. ನಿಮ್ಮದರಲ್ಲಿ ಜುಮುಜುಮು ಹೋಗಿ ಬಲ ಬಾರದೆ ಉಳಿದಿದೆಯೆಂದರೆ ಒತ್ತಡವು ಪಂಪನ್ನು ನಿಲ್ಲಿಸಿದ್ದಲ್ಲದೆ ಎಳೆಯ ಮೇಲಿನ ಮಯಲಿನ್ ಹೊದಿಕೆಯನ್ನೂ ಜಖಂಗೊಳಿಸಿದೆ. ಎಳೆಯೇ ತುಂಡಾಗಿದೆಯೇ ಎಂಬುದು ಮುಂದಿನ ಪ್ರಶ್ನೆ.

ನಾಗರಬಾವಿ ವಾಸಿ

ಹನ್ನೆರಡನೆಯ ದಿನ ಬರೆಯುತ್ತಿದ್ದೇನೆ. ನರವಿಜ್ಞಾನ ತಜ್ಞರನ್ನು ಕಂಡೆ. ಸುತ್ತಿಗೆ, ಗುಂಡುಸೂಜಿ, ಹತ್ತಿಯ ಎಳೆ ಹಿಡಿದು ಹತ್ತು ನಿಮಿಷ ಪರೀಕ್ಷಿಸಿದರು. ಹೆಬ್ಬೆರಳು ಮತ್ತು ಎರಡನೆಯ ಬೆರಳಿನ ನಡುವಿನ ಸಂದಿಯಲ್ಲಿ ಹತ್ತಿ ಸವರಿದ್ದು ನನಗೆ ತಿಳಿಯಲೇ ಇಲ್ಲ. ಮಂಡಿಯ ಹೊರಬದಿಯ ಗುಬುಟಿನ ಕೆಳಗೆ ಬೆರಳಿನಿಂದ ತಟ್ಟಿದಾಗ ಪಾದದ ಮೇಲೆಲ್ಲ ಜುಮ್ಮೆಂದಿತು. ಅನಂತರ ಅದೇ ನರವನ್ನು ಬೆರಳಿನಡಿ ಹೊರಳಿಸಿ, ದಪ್ಪಗಾಗಿದೆಯೇ ಎಂದು ನೋಡಿದರು. ಮೊಣಕೈಯಲ್ಲಿಯೂ ಹಾಗೆಯೇ ಮಾಡಿದರು, ಮೈಮೇಲೆ ಮಚ್ಚೆಗಳಿವೆಯೇ ಎಂದು ಕೇಳಿದರು. ಯಾಕೆಂದು ಕೇಳಲು ಧೈರ್ಯವಾಗಲಿಲ್ಲ. ಬಳಿಕ ವಿದ್ಯುತ್ತಿನ ಪರೀಕ್ಷೆ ಮಾಡಿಸಿದರು. ವರದಿಯಲ್ಲಿ ಫಿಬ್ಯುಲಾದ ಕುತ್ತಿಗೆಯ ಬಳಿ ಸಂಕೇತ ತಡೆಯಾಗಿದೆ, ಅದರಿಂದ ಕೆಳಗೆ ನರ ಚೆನ್ನಾಗಿ ಸಾಗಿಸುತ್ತಿದೆ ಎಂದಿದೆ. ಇದು ಒಳ್ಳೆಯದೋ ಕೆಟ್ಟದ್ದೋ?

ನಿವೃತ್ತ ಮೇಷ್ಟ್ರು

ಒಳ್ಳೆಯದು. ಅಗಸ್ಟಸ್ ವಾಲರ್ 1850ರಲ್ಲಿ ಕಪ್ಪೆಯ ನಾಲಗೆಯ ನರಗಳನ್ನು ಕತ್ತರಿಸಿ ತೋರಿಸಿದಂತೆ, ಎಳೆ ತುಂಡಾದರೆ ಒಡಲಿನಿಂದ ಬೇರ್ಪಟ್ಟ ಕೆಳಭಾಗ ಕ್ರಮೇಣ ಕೊಳೆತು ನಾಶವಾಗುತ್ತದೆ. ಆದರೆ ಇದಕ್ಕೆ ಕೆಲವು ದಿನ ಹಿಡಿಯುತ್ತದೆ. ಮೊದಲ ದಿನವೇ ಪರೀಕ್ಷೆ ಮಾಡಿಸಿದ್ದರೆ ತುಂಡಾದ ನರವೂ ಕೆಳಗೆ ಚೆನ್ನಾಗಿಯೇ ಕಾಣುತ್ತಿತ್ತು. ಹನ್ನೆರಡನೆಯ ದಿನವೂ ಕೆಳಭಾಗ ಜೀವಂತವಾಗಿದೆ ಎಂದರೆ ಬಹುಪಾಲು ಎಳೆಗಳು ಇಡಿಯಾಗಿವೆ, ತಡೆ ಇರುವುದು ಹೊದಿಕೆ ಕೆಟ್ಟ ಜಾಗದಲ್ಲಿ ಮಾತ್ರ. ಹರ್ಬರ್ಟ್ ಸೆಡನ್ ಎರಡನೆಯ ಮಹಾಯುದ್ಧದ ಗಾಯಾಳುಗಳನ್ನು ನೋಡಿ 1943ರಲ್ಲಿ ನರದ ಗಾಯಗಳನ್ನು ಮೂರು ಬಗೆಯಾಗಿ ವಿಂಗಡಿಸಿದರು. ನಿಮ್ಮದು ಅದರಲ್ಲಿ ಅತ್ಯಂತ ಸೌಮ್ಯವಾದದ್ದು, ನ್ಯೂರಾಪ್ರಾಕ್ಸಿಯಾ. ಹೊದಿಕೆ ಮತ್ತೆ ಬೆಳೆಯಲು ಕೆಲವು ವಾರಗಳು ಸಾಕು. ಎಳೆಯೇ ತುಂಡಾಗಿದ್ದರೆ ಅದು ದಿನಕ್ಕೆ ಸುಮಾರು ಒಂದು ಮಿಲಿಮೀಟರಿನಂತೆ ಬೆಳೆಯಬೇಕಾಗಿತ್ತು. ಸ್ನಾಯುವಿನವರೆಗೆ ಹತ್ತು ಸೆಂಟಿಮೀಟ‌ರ್ ದೂರ ಎಂದು ಹಿಡಿದರೂ ನೂರು ದಿನ.

ನರ ದಪ್ಪಗಾಗಿದೆಯೇ ಎಂದು ಏಕೆ ನೋಡಿದರೆಂದು ನಾನು ಹೇಳುತ್ತೇನೆ. ಕುಷ್ಠರೋಗದ ಬ್ಯಾಕ್ಟೀರಿಯಾ ದೇಹದ ತಂಪಾದ ಭಾಗಗಳನ್ನು ಇಷ್ಟಪಡುತ್ತದೆ. ಚರ್ಮಕ್ಕೆ ಹತ್ತಿರವಾಗಿ ಹಾಯುವ ಅಲ್ನಾರ್ ಮತ್ತು ಪೆರೋನಿಯಲ್ ನರಗಳೇ ಅದರ ಮೆಚ್ಚಿನ ತಾಣಗಳು. ನಮ್ಮ ದೇಶದಲ್ಲಿ ಪಾದ ಜೋತುಬಿದ್ದವರನ್ನು ಹಾಗೆ ಮುಟ್ಟಿ ನೋಡದ ವೈದ್ಯರು ಅರ್ಧ ಪರೀಕ್ಷೆ ಮಾಡಿದಂತೆ. ಔಷಧದಿಂದ ಪೂರ್ತಿ ಗುಣವಾಗುವ ಕಾಯಿಲೆ ಅದು, ಕೇಳಲು ಅಂಜಬೇಕಾಗಿರಲಿಲ್ಲ. ಆ ಕಾಯಿಲೆಯಿಂದ ಸೆಟೆದ ಕೈಗಳಿಗೆ ವೆಲ್ಲೂರಿನಲ್ಲಿ ಪಾಲ್ ಬ್ರ್ಯಾಂಡ್ 1940ರ ದಶಕದ ಕೊನೆಯಲ್ಲಿ ಆರಂಭಿಸಿದ ಶಸ್ತ್ರಚಿಕಿತ್ಸೆಯ ತತ್ತ್ವ ಬಹಳ ಸೊಗಸಾದದ್ದು: ಸತ್ತ ನರವನ್ನು ಬದುಕಿಸಲಾಗದಿದ್ದರೆ, ಜೀವಂತ ನರವಿರುವ ಬೇರೊಂದು ಸ್ನಾಯುವಿನ ರಜ್ಜುವನ್ನು ಬಿಡಿಸಿ ತಂದು ಆ ಕೆಲಸಕ್ಕೆ ಕಟ್ಟುವುದು. ಜೋತುಬಿದ್ದ ಪಾದಕ್ಕೂ, ಅಂಗಾಲನ್ನು ಒಳಕ್ಕೆ ತಿರುಗಿಸುವ ಸ್ನಾಯುವಿನ ರಜ್ಜುವನ್ನು ಪಾದದ ಮೇಲ್ಭಾಗಕ್ಕೆ ತಂದು ಹೊಲಿಯುತ್ತಾರೆ. ನಿಮಗೆ ಅದರ ಅಗತ್ಯ ಬೀಳುವುದಿಲ್ಲ.

ಜಯನಗರದ ಫಿಸಿಯೋ

ಅಲ್ಲಿಯವರೆಗೆ ಪಾದವನ್ನು ಜೋಲಲು ಬಿಡಬೇಡಿ. ಬೂಟಿನೊಳಗೆ ಹಾಕಿಕೊಳ್ಳುವ ಎಲ್ ಆಕಾರದ ಪ್ಲಾಸ್ಟಿಕ್ ಆಧಾರ ಸಿಗುತ್ತದೆ, ವೈದ್ಯರು ಬರೆದುಕೊಡುತ್ತಾರೆ. ಎಡವಿ ಬೀಳುವುದನ್ನು ತಪ್ಪಿಸುವುದು ಅದರ ಒಂದು ಕೆಲಸ. ಎತ್ತುವವರಿಲ್ಲದೆ ಕೆಳಗೇ ಇರುವ ಪಾದದಲ್ಲಿ ಮೀನಖಂಡ ಮತ್ತು ಹಿಮ್ಮಡಿಯ ರಜ್ಜು ಗಿಡ್ಡವಾಗುತ್ತ ಹೋಗುವುದನ್ನು ತಡೆಯುವುದು ಇನ್ನೊಂದು. ನರ ಎಚ್ಚೆತ್ತ ಮೇಲೂ ಕಣಕಾಲು ಮಡಿಸಲಾರದಷ್ಟು ಬಿಗಿದಿದ್ದರೆ ಪ್ರಯೋಜನವೇನು? ಆ ಆಧಾರದ ಪಟ್ಟಿಯನ್ನು ಫಿಬ್ಯುಲಾದ ಕುತ್ತಿಗೆಯ ಮೇಲೆ ಬಿಗಿಯಬೇಡಿ. ಮುರಿದ ಮೂಳೆಗೆ ಹಾಕಿದ ಬ್ಯಾಂಡೇಜೇ ಅಲ್ಲಿ ಒತ್ತಿ ಪಾದ ಜೋತುಬಿದ್ದವರೂ ಇದ್ದಾರೆ. ಕಾಲ ಮೇಲೆ ಕಾಲು ಹಾಕುವುದು, ಕುಕ್ಕರಗಾಲಿನಲ್ಲಿ ಕೂರುವುದು, ನೆಲದ ಮೇಲೆ ಕೂರುವುದು ಸದ್ಯಕ್ಕೆ ಬೇಡ. ಪ್ರತಿ ರಾತ್ರಿ ಪಾದವನ್ನು ಬೆಳಕಿನಲ್ಲಿ ನೋಡಿಕೊಳ್ಳಿ, ಗಾಯವಾದರೂ ತಿಳಿಯದ ಸ್ಥಿತಿಯಲ್ಲಿದ್ದೀರಿ.

ಎರಡನೇ ವರ್ಷದವಳು

ಇನ್ನೊಂದು ಸಂಗತಿ ನೆನಪಾಯಿತು. ಚಕ್ಕಳಮಕ್ಕಳ ಹಾಕಲು ತೊಡೆಯನ್ನು ಮಡಿಸಿ ಹೊರಕ್ಕೆ ತಿರುಗಿಸುವ ಸ್ನಾಯುವಿನ ಹೆಸರು ಸಾರ್ಟೋರಿಯಸ್. ದೇಹದ ಅತಿ ಉದ್ದದ ಸ್ನಾಯು. ಲ್ಯಾಟಿನ್‌ನಲ್ಲಿ ಸಾರ್ಟರ್ ಎಂದರೆ ದರ್ಜಿ. ಹಳೆಯ ಕಾಲದ ದರ್ಜಿಗಳು ಹಾಗೆಯೇ ಕುಳಿತು ಹೊಲಿಯುತ್ತಿದ್ದರು. ಅವರಲ್ಲಿ ಎಷ್ಟು ಜನರ ಪಾದ ಜೋತುಬಿದ್ದಿತ್ತೋ ಎಂದು ಈ ಚರ್ಚೆ ಓದಿದ ಮೇಲೆ ಅನ್ನಿಸುತ್ತಿದೆ.

ನಾಗರಬಾವಿ ವಾಸಿ

ಏಳನೆಯ ವಾರ. ಕಳೆದ ಬುಧವಾರ ಬೆಳಿಗ್ಗೆ ಹಾಸಿಗೆಯಲ್ಲಿ ಕುಳಿತು ಎಂದಿನಂತೆ ಪಾದಕ್ಕೆ ಆಜ್ಞೆ ಕೊಟ್ಟಾಗ ಕಿರುಬೆರಳುಗಳು ಕೂದಲೆಳೆಯಷ್ಟು ಮೇಲೆದ್ದವು. ನನ್ನ ಭ್ರಮೆಯೆಂದು ಮಗನನ್ನು ಕರೆದು ತೋರಿಸಿದೆ. ಈಗ ಪಾದ ಅರ್ಧದಷ್ಟು ಏಳುತ್ತದೆ, 'ಪಟ್' ಎಂಬ ಸದ್ದು ನಿಂತಿದೆ. ನಿನ್ನೆ ಸಂಜೆ ಪಾರ್ಕಿನವರೆಗೆ ಹೋಗಿ ಬಂದೆ, ಚಪ್ಪಲಿ ಒಮ್ಮೆ ಮಾತ್ರ ಕಳಚಿತು. ನಮ್ಮ ಮಾವನವರು ಹತ್ತಿದ ನರ ಇಳಿಯಿತು ಎಂದು ಸಂತೋಷಪಟ್ಟರು. ಅವರಿಗೆ ನನ್ನ ಮಂಡಿಯ ಪಕ್ಕದ ಗುಬುಟನ್ನು ತೋರಿಸಿ ಬೆರಳಿಡಿಸಿದೆ. ಬಹಳ ಹೊತ್ತು ತಮ್ಮ ಮಂಡಿಯನ್ನೂ ತಡಕಿ ನೋಡಿಕೊಂಡರು.

ಮಣೆಯನ್ನು ಹೊರಗೆ ತೆಗೆದು ನೋಡಿದೆ. ಅಂಚು ಉರುಟಾಗಿಲ್ಲ, ಬಡಗಿ ಹಾಗೆಯೇ ಚೌಕವಾಗಿ ಬಿಟ್ಟಿದ್ದಾನೆ. ಮುಂದಿನ ತಿಂಗಳ ಸತ್ಯನಾರಾಯಣ ಪೂಜೆಗೆ ಪುರೋಹಿತರ ಅನುಮತಿ ಪಡೆದು ಕುರ್ಚಿ ಹಾಕಿಸಿಕೊಳ್ಳುತ್ತಿದ್ದೇನೆ. ಹೆಬ್ಬೆರಳಿನ ಪಕ್ಕದ ಸಂದಿಯಲ್ಲಿ ಒಂದು ರೂಪಾಯಿ ನಾಣ್ಯದಷ್ಟು ಜಾಗ ಇನ್ನೂ ಮಂದವಾಗಿದೆ. ಅಲ್ಲಿ ಹತ್ತಿ ಸವರಿದ್ದು ತಿಳಿದ ದಿನ ಮತ್ತೆ ಬರೆಯುತ್ತೇನೆ.